ನೋಡಲಾಗಿದೆ, ಸರಿಯಾಗಿದೆ

ಸೇವಾ ಅರ್ಜಿಗಳ ಜಾಲತಾಣದ ಹೊಣೆ ಹೊತ್ತಿರುವ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಅರ್ಜಿ ನಮೂನೆಯ ಕೊನೆಯಲ್ಲಿ ಮೂರು ಬಟನ್‌ಗಳಿವೆ. ಕಣ್ಣಿದ್ದವರಿಗೆ ಅವು ಮೂರು ಅಚ್ಚುಕಟ್ಟಾದ ಚಿತ್ರಗಳು: ಒಂದು ಅರ್ಜಿಯನ್ನು ಉಳಿಸಿಡಲು, ಒಂದು ಸಲ್ಲಿಸಲು, ಒಂದು ಹಿಂಪಡೆಯಲು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ನಂಬಿಕೊಂಡವರಿಗೆ ಅವು ಕೇಳಿಸುವುದು ಹೀಗೆ: "ಬಟನ್. ಬಟನ್. ಬಟನ್." ಕಳೆದ ತಿಂಗಳ ಹನ್ನೆರಡರಂದು ಇವುಗಳಲ್ಲೊಂದನ್ನು ಒತ್ತಿ, ಬದಲಿ ಹುದ್ದೆ ಕೋರಿದ ನನ್ನ ಅರ್ಜಿಯನ್ನು ನಾನೇ ಕೈಯಾರೆ ಹಿಂಪಡೆದೆ. ಹಿಂಪಡೆದ ಅರ್ಜಿಯನ್ನು ಅದೇ ವರ್ಷ ಮತ್ತೆ ಸಲ್ಲಿಸುವಂತಿಲ್ಲ ಎಂಬುದು ನಿಮ್ಮ ನಿಯಮ. ನನ್ನ ವೈದ್ಯಕೀಯ ರಜೆ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಅದರೊಂದಿಗೆ ಇಪ್ಪತ್ತೇಳು ವರ್ಷಗಳ ನೌಕರಿಯೂ.

ದೂರು ಇಷ್ಟೇ ಆಗಿದ್ದರೆ ನಾಲ್ಕು ಜನರೆದುರು ಹೀಗೆ ಬಹಿರಂಗ ಪತ್ರ ಬರೆಯುವ ಅಗತ್ಯವಿರಲಿಲ್ಲ. ಎಂಟು ವರ್ಷಗಳ ಹಿಂದೆ ಆ ಜಾಲತಾಣಕ್ಕೆ ಯೋಗ್ಯತಾ ಪತ್ರ ಕೊಟ್ಟ ತಪಾಸಣಾ ಎಂಜಿನಿಯರ್ ನಾನೇ. "ದೃಷ್ಟಿಹೀನರು ಬಳಸಬಹುದೇ?" ಎಂಬ ಹದಿನಾಲ್ಕನೆಯ ಪ್ರಶ್ನೆಯ ಮುಂದೆ "ಪರೀಕ್ಷಿಸಿ ನೋಡಲಾಗಿದೆ, ಸರಿಯಾಗಿದೆ" ಎಂದು ಬರೆದು ಸಹಿ ಹಾಕಿದವನು ನಾನು. ಹೇಗೆ ಪರೀಕ್ಷಿಸಿದಿರಿ ಎಂದು ನೀವು ಕೇಳಲಿಲ್ಲ, ಈಗ ಹೇಳುತ್ತೇನೆ. ಅಕ್ಷರಗಳನ್ನು ಎರಡು ಪಟ್ಟು ದೊಡ್ಡದು ಮಾಡಿ, ಕುರ್ಚಿಯನ್ನು ಒಂದು ಮಾರು ಹಿಂದಕ್ಕೆಳೆದು, ನೋಡಿದೆ. ಚೆನ್ನಾಗಿ ಕಾಣಿಸಿತು. ಕಾಣದವರಿಗಾಗಿ ಇದ್ದ ಪರೀಕ್ಷೆಯನ್ನು ಕಣ್ಣಿನಿಂದಲೇ ಮಾಡಿ ಮುಗಿಸಿದ ಈ ಮನುಷ್ಯನನ್ನು ಆ ವರ್ಷದ ವರದಿಯಲ್ಲಿ ನೀವು "ಕರಾರುವಾಕ್ಕಾದ ಅಧಿಕಾರಿ" ಎಂದು ಹೊಗಳಿದ್ದೀರಿ. ಆ ಪ್ರತಿಯನ್ನು ಇನ್ನೂ ಜೋಪಾನವಾಗಿ ಇಟ್ಟಿದ್ದೇನೆ.

ನನ್ನ ಕಣ್ಣು ಹೇಗೆ ಹೋಯಿತೆಂಬುದು ಕಡತದಲ್ಲಿದೆ, ಇಲ್ಲಿ ಬೇಡ. ಸ್ಕ್ರೀನ್ ರೀಡರ್ ಕಲಿಸಲು ಒಪ್ಪಿದವರು ನಮ್ಮ ಕಚೇರಿಯ ಟೆಲಿಫೋನ್ ಆಪರೇಟರ್. ಹುಟ್ಟಿನಿಂದಲೇ ಅವರಿಗೆ ದೃಷ್ಟಿಯಿಲ್ಲ. ಮೂರು ತಿಂಗಳಿಂದ, ರಜೆಯಲ್ಲೂ ಕಚೇರಿಗೆ ಹೋಗುವ ನನಗೆ ತಮ್ಮ ಊಟದ ವಿರಾಮದಲ್ಲಿ ಅರ್ಧ ಗಂಟೆ ಕೊಡುತ್ತಿದ್ದಾರೆ.

ಮೊದಲ ದಿನ ಅವರು ಕೇಳಿದ್ದು, "ಮಾನಿಟರ್ ಆನ್ ಇದೆಯಾ ಸಾರ್?"

"ಇರಬೇಕು."

"ಆರಿಸಿಬಿಡಿ. ನಮ್ಮಿಬ್ಬರಿಗೂ ಬೇಡದ್ದು. ಕರೆಂಟಾದ್ರೂ ಉಳೀಲಿ."

ನನ್ನ ಕೈ ಮತ್ತೆ ಮತ್ತೆ ಮೌಸ್ ಹುಡುಕುತ್ತಿದ್ದುದನ್ನು ಸದ್ದಿನಿಂದಲೇ ಪತ್ತೆಹಚ್ಚಿ, ಅದನ್ನು ಕಿತ್ತು ಡ್ರಾಯರಿನಲ್ಲಿಟ್ಟರು. ಅವರ ಕಂಪ್ಯೂಟರ್ ಮಾತಾಡುವ ವೇಗಕ್ಕೆ ನನಗೆ ಒಂದು ಪದವೂ ದಕ್ಕುತ್ತಿರಲಿಲ್ಲ. ನನ್ನದರ ವೇಗ ಕೇಳಿ ಅವರು ನಕ್ಕರು: "ಇದು ಮಗುಗೆ ತುತ್ತು ತಿನ್ನಿಸೋ ಸ್ಪೀಡು ಸಾರ್." ಒತ್ತಿ ನೋಡಿ, ಕೇಳಿ ನೋಡಿ, ಇನ್ನೊಂದ್ಸಲ ಮಾಡಿ ನೋಡಿ: ಎಂದೂ ಏನನ್ನೂ ಕಂಡಿರದ ಅವರ ಬಾಯಲ್ಲಿ ಪ್ರತಿ ಮಾತಿನ ಕೊನೆಗೂ "ನೋಡಿ". ಆ ಪದಕ್ಕೆ ಪ್ರಯತ್ನಿಸು ಎಂಬ ಅರ್ಥವೂ ಇದೆಯೆಂಬುದು ಯೋಗ್ಯತಾ ಪತ್ರ ಬರೆಯುವಾಗ ನನಗೆ ಹೊಳೆದಿರಲಿಲ್ಲ.

ಹನ್ನೆರಡರಂದು ಅವರು ತಮ್ಮ ಫೋನುಗಳ ಮುಂದಿದ್ದರು. ನಾನೊಬ್ಬನೇ ಕುಳಿತು ಅರ್ಜಿ ತುಂಬಿದೆ. ಯಾರ ನೆರವೂ ಇಲ್ಲದೆ ಮಾಡಬೇಕೆಂಬ ಹಟವಿತ್ತು. ಸಲ್ಲಿಸುವ ಬಟನ್ ನಡುವೆ ಇದ್ದದ್ದು ಚೆನ್ನಾಗಿ ನೆನಪಿತ್ತು. ಹಾಗಾಗಿ ಒಂದು ಬಟನ್‌ನಿಂದ ಮುಂದಿನದಕ್ಕೆ ಒಯ್ಯುವ ಟ್ಯಾಬ್ ಕೀಲಿ ಒತ್ತುತ್ತಾ ಹೋಗಿ ಎರಡನೆಯ "ಬಟನ್" ಬಂದಾಗ ಎಂಟರ್ ಒತ್ತಿದೆ. ಟ್ಯಾಬ್ ಕೀಲಿ ಹೋಗುವುದು ಕಣ್ಣಿಗೆ ಕಾಣುವ ಕ್ರಮದಲ್ಲಲ್ಲ, ಕೋಡ್ ಬರೆದ ಕ್ರಮದಲ್ಲಿ. ಮೊದಲ ವರ್ಷದ ವಿದ್ಯಾರ್ಥಿಗೂ ತಿಳಿದಿರುವ ಸಂಗತಿ. "ನಿಮ್ಮ ಅರ್ಜಿಯನ್ನು ಹಿಂಪಡೆಯಲಾಗಿದೆ" ಎಂಬ ವಾಕ್ಯವನ್ನು ಮಾತ್ರ ಯಂತ್ರ ಸ್ಫುಟವಾಗಿ ಓದಿತು. ಕೆಡುಕಾದದ್ದನ್ನು ತಿಳಿಸುವಲ್ಲಿ ನಿಮ್ಮ ಜಾಲತಾಣ ಯಾರಿಗೂ ಭೇದ ಮಾಡುವುದಿಲ್ಲ, ಒಪ್ಪುತ್ತೇನೆ.

ನಿಮ್ಮ ಸಹಾಯವಾಣಿಗೆ ಕರೆ ಮಾಡಿದೆ. "ಪಕ್ಕದಲ್ಲಿ ಯಾರನ್ನಾದ್ರೂ ಕೂರಿಸ್ಕೋಬೇಕಿತ್ತು ಸಾರ್" ಎಂದರು. ಎಲ್ಲೋ ಕೇಳಿದ ಮಾತೆನಿಸಿತು.

ಮರುದಿನ ಆಪರೇಟರ್ ಅವರಿಗೆ ವಿಷಯ ಹೇಳಿದೆ.

"ಎರಡನೇದು ಒತ್ತಿದ್ರಾ?"

"ಹೌದು."

"ನಾನೂ ಅದನ್ನೇ ಒತ್ತಿದ್ದು. ತರಬೇತಿ ಕೇಂದ್ರದಲ್ಲಿ ಕಲಿಸೋ ಹುದ್ದೆಗೆ ಹಾಕಿದ್ದೆ. ಎಂಟು ವರ್ಷ ಆಯ್ತು. ಮುಂದಿನ ವರ್ಷ ಹಾಕೋ ಹೊತ್ತಿಗೆ ಬೇರೆಯವರು ಬಂದಿದ್ರು."

"ಆಗ ಯಾರಿಗೂ ಹೇಳಲಿಲ್ವಾ?"

"ಒತ್ತೋ ಮೊದಲೇ ಹೇಳಿದ್ದೆ ಸಾರ್. ನಿಮ್ಮ ಟೇಬಲ್ ಹತ್ರ ಬಂದು, ಇದು ಬರೀ ಬಟನ್ ಬಟನ್ ಅನ್ನುತ್ತೆ ಅಂದೆ. ಪಕ್ಕದಲ್ಲಿ ಯಾರನ್ನಾದ್ರೂ ಕೂರಿಸ್ಕೊಳ್ಳಿ ಅಂದ್ರಿ."

"ಅದು ನಾನೇ ಅಂತ..."

"ಫೋನ್ ಎತ್ತೋದೇ ನನ್ನ ಕೆಲಸ. ದನಿ ಮರೀತೀನಾ?" ಎಂದರು. ಆಮೇಲೆ, "ಕೈ ಕೀಬೋರ್ಡ್ ಮೇಲಿಡಿ. ಟೈಮ್ ಆಗ್ತಾ ಬಂತು."

ಕ್ಷಮಿಸಿ ಎನ್ನುವ ಬದಲು ಕೀಬೋರ್ಡಿನ ಮೇಲೆ ಕೈ ಇಟ್ಟೆ. ಮೊದಲ ದಿನವೇ ನನ್ನ ದನಿ ಗುರುತಿಸಿದ್ದರೂ ಅವರು ಕಲಿಸಿದ್ದರು. ಅಂದು ಅವರೆದುರು ಆಡಲಾಗದ್ದನ್ನು ಇಲ್ಲಿ ಎಲ್ಲರೆದುರು ಬರೆಯುತ್ತಿದ್ದೇನೆ.

ಒಂದು ಬಟನ್‌ಗೆ ಹೆಸರು ಕೊಡಲು ಒಂದು ಸಾಲು ಕೋಡ್ ಸಾಕು. ಎಂಟು ವರ್ಷಗಳಲ್ಲಿ ನಿಮ್ಮಲ್ಲಿ ಯಾರಿಗೂ ಅಷ್ಟು ಬಿಡುವಾಗಲಿಲ್ಲವೇ? ಆಗಬೇಕಾದರೂ ಏಕೆ? ನನ್ನ ಮೂರು ಪದಗಳು ಕಡತದಲ್ಲಿ ಭದ್ರವಾಗಿದ್ದವಲ್ಲ!

ಆ ಯೋಗ್ಯತಾ ಪತ್ರದ ನವೀಕರಣ ಮೊನ್ನೆ ಮನೆಗೆ ಬಂತು. ದಾಖಲೆಯಲ್ಲಿ ತಪಾಸಣಾ ಎಂಜಿನಿಯರ್ ಇಂದಿಗೂ ನಾನೇ ಅಂತೆ. ನಿಮ್ಮ ಗುಮಾಸ್ತರು ನನ್ನ ಬೆರಳು ಹಿಡಿದು ಗೆರೆಯ ಮೇಲಿಟ್ಟು, "ಇಲ್ಲೇ ಸಾರ್, ಒಂದು ಸಹಿ" ಎಂದರು. ನನ್ನ ಹೆಂಡತಿ ಕಾಗದ ಈಸಿಕೊಂಡು ಓದಿದಳು. "ಏನ್ರೀ, ನೀವು ನೋಡಿದೀರಂತೆ!" ಎಂದು ನಕ್ಕೇಬಿಟ್ಟಳು. ಬಳಿಕ ಮೆಲ್ಲಗೆ, "ನಗಬಾರದಿತ್ತು" ಎಂದಳು. ನಗಬೇಕಾದದ್ದೇ ಆಗಿತ್ತು. ನಾನು ಸಹಿ ಮಾಡಲಿಲ್ಲ.

ಹಳೆಯ ಯೋಗ್ಯತಾ ಪತ್ರವನ್ನು, ಅದು ನನ್ನದೆಂಬುದನ್ನು ಮುಚ್ಚಿಡದೆ, ರದ್ದುಪಡಿಸಿ. ಮೂರೂ ಬಟನ್‌ಗಳಿಗೆ ಹೆಸರು ಕೊಡಿ. ಹದಿನಾಲ್ಕನೆಯ ಪ್ರಶ್ನೆಗೆ ಇನ್ನು ಮುಂದೆ ಆಪರೇಟರ್ ಅವರು ಉತ್ತರಿಸಲಿ, ಸಹಿಯೂ ಅವರದೇ ಇರಲಿ. ತರಬೇತಿ ಕೇಂದ್ರದ ಹುದ್ದೆ ಈಗ ಮತ್ತೆ ಖಾಲಿಯಿದೆ; ಎಂಟು ವರ್ಷಗಳ ಹಿಂದಿನ ಅವರ ಅರ್ಜಿ ಅಂದೇ ಸಲ್ಲಿಕೆಯಾಗಿತ್ತೆಂದು ಪರಿಗಣಿಸಿ. ಅವರು ಕಲಿಸಬಲ್ಲರು ಎಂಬುದಕ್ಕೆ ನಾನೇ ಬೆರಳಚ್ಚಿಸಿದ ಈ ಪತ್ರ ಸಾಕ್ಷಿ. ನನ್ನ ಅರ್ಜಿಯ ವಿಚಾರ ಅದಾದ ಮೇಲೆ. ನೀವು ಅದನ್ನು ಕೈಬಿಟ್ಟರೂ ದೂರಲು ನನಗೆ ಮುಖವಿಲ್ಲ.

ನಿರ್ಧರಿಸುವ ಮುನ್ನ ಒಮ್ಮೆ ನಿಮ್ಮ ಮಾನಿಟರ್ ಆರಿಸಿ, ನಮೂನೆಯ ಕೊನೆಗೆ ಹೋಗಿ. ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳಬೇಡಿ. ಒಂದು ಬಟನ್ ಒತ್ತಿ ನೋಡಿ.

ಇಂತಿ,
ನೋಡಿದ್ದೇನೆಂದು ಬರೆದುಕೊಟ್ಟವನು
(ತಪಾಸಣಾ ಎಂಜಿನಿಯರ್, ಈ ತಿಂಗಳ ಕೊನೆಯವರೆಗೆ)