ಅಕ್ಕಾ, ನಿನ್ನ ಮನೆ ಮಾರಲು ತಗುಲಿದ ಖರ್ಚು

ಅಕ್ಕಾ,

ನಿನ್ನ ಮನೆ ಮಾರಿಯಾಯಿತು. ಎರಡು ತಿಂಗಳ ಹಿಂದೆ ಒಂದು ಸೋಮವಾರ ಚಿಕ್ಕೋಡಿಯ ನೋಂದಣಿ ಕಚೇರಿಯಲ್ಲಿ ನಾನೂ ತಮ್ಮ ಅಶೋಕನೂ ಸಹಿ ಹಾಕಿ, ಹೆಬ್ಬೆರಳು ಒತ್ತಿ, ಕ್ಯಾಮೆರಾಕ್ಕೆ ಮುಖ ಒಡ್ಡಿ ಬಂದೆವು. ನೀನು ಹೋಗಿ ಹನ್ನೊಂದು ತಿಂಗಳು. ಅದರಲ್ಲಿ ಒಂಬತ್ತು ತಿಂಗಳು ನಾನು ಈ ಮನೆಯ ಹಿಂದೆಯೇ ಅಲೆದಿದ್ದೇನೆ. ಅಲೆದಾಗ ಕಂಡ ಮಂದಿಯ ಬಗ್ಗೆ ನಿನಗಲ್ಲದೆ ಇನ್ನಾರಿಗೆ ಹೇಳಲಿ? ನೀನಿದ್ದಿದ್ದರೆ ಎಂದಿನಂತೆ ಅವರ ಪರವಾಗಿಯೇ ಮಾತಾಡುತ್ತಿದ್ದೆ. ಈ ಸಲ ನನ್ನ ಮಾತು ಮುಗಿಯುವ ತನಕ ಸುಮ್ಮನೆ ಕೇಳು.

ಮನೆ ಕಟ್ಟಿಸುವಾಗ ನೀನು ಆಸ್ಪತ್ರೆಯ ಪಾಳಿ ಮುಗಿಸಿ, ಬಿಳಿ ಸೀರೆಯಲ್ಲೇ ಬಂದು ಪೈಪು ಹಿಡಿದು ಹಸಿ ಗೋಡೆಗೆ ನೀರು ಹಾಯಿಸುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಾಗವಾಡದ ಶಾಲೆಯಲ್ಲಿ ಮಾಸ್ತರಣಿಯಾಗಿ, ಬಾಡಿಗೆ ಮನೆಯಲ್ಲೇ ಕಾಲ ಕಳೆಯುತ್ತಿದ್ದ ನನಗೆ ಅಂದು ಬುದ್ಧಿ ಹೇಳಿದ್ದೆ. "ವಿಮಲಾ, ಮನಿ ಅಂದ್ರ ಬ್ಯಾಂಕಿನ್ಯಾಗ ಇಟ್ಟ ರೊಕ್ಕ ಇದ್ದಂಗ. ಬೇಕಾದಾಗ ತಕ್ಕೋಬಹುದು." ಆಗ ನಾನು ತಲೆಯಾಡಿಸಿದ್ದೆ. ಮದುವೆ ಮಾಡಿಕೊಳ್ಳದೆ, ಯಾರ ಹಂಗಿಗೂ ಬೀಳದೆ, ಸಾಲ ತೆಗೆದು ಮನೆ ಕಟ್ಟಿಸಿದವಳಿಗೆ ಎದುರು ಮಾತಾಡಲು ನಾನು ಯಾರು? ಆದರೆ ಆ ರೊಕ್ಕವನ್ನು ತೆಗೆದುಕೊಳ್ಳಲು ಹೋದವಳು ನಾನು. ಕೌಂಟರಿನ ಹಿಂದೆ ಯಾರು ಯಾರು ಕೂತಿರುತ್ತಾರೆಂದು ನಿನಗೆ ಗೊತ್ತಿರಲಿಲ್ಲ.

ನಿನ್ನ ಪುಣ್ಯಾನುಮೋದನೆಯ ವಿಧಿ ಮುಗಿದು ವಾರವಾಗಿರಲಿಲ್ಲ, ಅಶೋಕ ನಿಪ್ಪಾಣಿಯಿಂದ ದಲ್ಲಾಳಿ ಬಾಳುವನ್ನು ಕರೆದುಕೊಂಡು ಬಂದ. ನಿನ್ನ ಕೊನೆಯ ಮೂರು ತಿಂಗಳಲ್ಲಿ ಎರಡು ಸಲ ಬಂದುಹೋದ ನಮ್ಮ ತಮ್ಮ, ಆ ಒಂದೇ ವಾರದಲ್ಲಿ ಮೂರು ಸಲ ಬಂದ. ಬಾಳು ಮನೆಯೊಳಗೆ ಓಡಾಡಿ, ಗೋಡೆಗೆ ಬೆರಳ ಗಂಟಿನಿಂದ ಬಡಿದು, ಮೂವತ್ತೈದು ಲಕ್ಷ ಬರುತ್ತದೆ ಎಂದ. ತನ್ನದು ಎರಡು ಪರ್ಸೆಂಟ್ ಎಂದ. ಕೊಳ್ಳುವವರಿಂದಲೂ ಎರಡು ತೆಗೆದುಕೊಳ್ಳುತ್ತಾನೆಂದು ಆಮೇಲೆ ತಿಳಿಯಿತು. ಎರಡೂ ಕಡೆ ಉಣ್ಣುವವನಿಗೆ ಯಾರ ಹಸಿವೆಯ ಚಿಂತೆ? ಬಣ್ಣ ಹೊಡೆಸಿ ಎಂದ, ನಲವತ್ತೆರಡು ಸಾವಿರ ಹೋಯಿತು. ಮನೆಪಟ್ಟಿ ಮೂರು ವರ್ಷದ್ದು ಬಾಕಿಯಿತ್ತು. ನಿನ್ನ ಹೆಸರಿನಿಂದ ನಮ್ಮಿಬ್ಬರ ಹೆಸರಿಗೆ ವಾರಸಾ ಆಗಬೇಕಿತ್ತು. ನೀನು ಸತ್ತಿದ್ದೀಯೆಂದು ಎಷ್ಟು ಮೇಜುಗಳ ಮುಂದೆ ನಾನು ಹೇಳಬೇಕಾಯಿತು ಗೊತ್ತೇ? ಒಬ್ಬ ಏಜೆಂಟ್ ಅರ್ಜಿ ಬರೆಯುತ್ತ, ಚಹಾ ಹೀರುತ್ತ, "ಯಾವಾಗ ಎಕ್ಸ್‌ಪಾಯರ್ ಆದ್ರು?" ಎಂದು ಕೇಳಿದ. ಔಷಧಿ ಬಾಟಲಿಯ ಬಗ್ಗೆ ಕೇಳಿದ ಹಾಗೆ.

ಮೊದಲ ಗಿರಾಕಿ ಬರುವ ದಿನ ಬಾಳು ಅರ್ಧ ಗಂಟೆ ಮುಂಚೆಯೇ ಬಂದ. ಪಡಸಾಲೆಯಲ್ಲಿ ನಿಂತು, ನೀನು ತೂಗುಹಾಕಿದ್ದ ಬುದ್ಧನ ಫೋಟೊ ನೋಡುತ್ತ ತಲೆ ಕೆರೆದುಕೊಂಡ.

"ಬಾಯಾರ, ಒಂದ ಮಾತ ಹೇಳ್ತೀನಿ, ಸಿಟ್ಟ ಆಗಬ್ಯಾಡ್ರಿ. ಆ ಫೋಟೊ ಸ್ವಲ್ಪ ಒಳಗ ಇಡ್ರಿ. ಗಿರಾಕಿ ನೋಡ್ಕೊಂಡ ಹೋಗೂ ತನಕ."

"ಯಾಕ?"

"ಏನಿಲ್ರಿ, ರೇಟಿಗೆ ಪೆಟ್ಟ ಬೀಳತೈತಿ. ಇದು ನನ್ನ ಮಾತಲ್ರಿ, ಮಾರ್ಕೆಟ್ಟಿನ ಮಾತು."

ನಾನು ಏನೂ ಹೇಳುವ ಮೊದಲೇ ಅಶೋಕ ಸ್ಟೂಲು ಎಳೆದು ಹತ್ತಿದ. ಫೋಟೊ ಇಳಿಸಿ, ನಿನ್ನ ಮಲಗುವ ಕೋಣೆಯ ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟ. ಗೋಡೆಯ ಮೇಲೆ ಉಳಿದ ಮೊಳೆಗೆ ಕ್ಯಾಲೆಂಡರ್ ಸಿಕ್ಕಿಸಿದ. ನಾನು ನೋಡುತ್ತ ನಿಂತೆ. ಅವನನ್ನು ತಡೆಯಲಿಲ್ಲ. ಇದನ್ನು ನಿನಗೆ ಬರೆಯದೆ ಬಿಡಬಹುದಿತ್ತು. ಆದರೆ ಉಳಿದವರನ್ನೆಲ್ಲ ಉಗಿದು, ನಾನು ಮಾತ್ರ ಶುದ್ಧಳೆಂದು ಕೂತರೆ...

ಬಂದವರು ಗಂಡ-ಹೆಂಡತಿ. ಕಾಗವಾಡದ ಕಡೆಯವರು, ದ್ರಾಕ್ಷಿ ತೋಟದವರು. ಮಕ್ಕಳ ಕಾಲೇಜಿಗೆಂದು ಚಿಕ್ಕೋಡಿಯಲ್ಲಿ ಮನೆ ಬೇಕಿತ್ತು. ಅಡುಗೆಮನೆ ನೋಡಿ ಹೆಂಡತಿಯ ಮುಖ ಅರಳಿತು. ಗಂಡ ಮೂವತ್ತೈದಕ್ಕೆ ಒಪ್ಪಿ, ಕೈ ಮುಂದೆ ಮಾಡಿದವನು, ಏನೋ ನೆನಪಾದವನಂತೆ ಕೇಳಿದ. "ನಿಮ್ಮ ಆಡನಾವ ಏನಂದ್ರಿ?" ನಮ್ಮ ಕಡೆ ಅಡ್ಡಹೆಸರು ಕೇಳಿದರೆ ಜಾತಿ ಕೇಳಿದಂತೆಯೇ ಎಂದು ನಿನಗೆ ಹೇಳಬೇಕಿಲ್ಲ. "ಕಾಂಬಳೆ" ಎಂದೆ. ಅವನು ಮುಖವೆಲ್ಲ ಬೆಳಕು ಮಾಡಿಕೊಂಡ. "ಕಾಂಬಳೆ ಸಿಸ್ಟರ್ ಮನಿ ಏನ್ರಿ ಇದು? ನಮ್ಮ ಎರಡೂ ಮಕ್ಕಳು ಅವರ ಕೈಯಾಗ ಹುಟ್ಯಾವ್ರಿ. ದೇವರಂಥಾ ಬಾಯಿ." ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನೀನು ಹೋದದ್ದು ಆಕೆಗೆ ಗೊತ್ತಿರಲಿಲ್ಲವಂತೆ. ಎರಡನೆಯ ಹೆರಿಗೆ ಕಷ್ಟವಾಗಿ, ನೀನು ಇಡೀ ದಿನ ಊಟವಿಲ್ಲದೆ ಪಕ್ಕದಲ್ಲೇ ಕೂತಿದ್ದೆಯಂತೆ. ಅಕ್ಕ ಹೇಳುತ್ತಿದ್ದುದೇ ನಿಜ, ಮಂದಿ ಬದಲಾಗಿದ್ದಾರೆ ಎಂದುಕೊಂಡೆ.

ಮರುದಿನ ಮಧ್ಯಾಹ್ನ, ನಾನು ಮೂರನೆಯ ತರಗತಿಯಲ್ಲಿ ಮಗ್ಗಿ ಹೇಳಿಸುತ್ತಿದ್ದಾಗ ಬಾಳುವಿನ ಫೋನು ಬಂತು. "ಅವರು ಮೂವತ್ಮೂರು ಅಂತಾರ್ರಿ." ಸಿಮೆಂಟು ಅದೇ, ಕಿಟಕಿ ಅದೇ, ನಲವತ್ತೆರಡು ಸಾವಿರದ ಬಣ್ಣವೂ ಅದೇ. ಒಂದು ಹೆಸರು ಹೇಳಿದ್ದಕ್ಕೆ ಎರಡು ಲಕ್ಷ. ನಾನು ಆಗುವುದಿಲ್ಲ ಎಂದೆ. ಅಶೋಕ ಸಂಜೆ ಫೋನು ಮಾಡಿ, "ಅಕ್ಕಾ, ಎರಡ ಲಕ್ಷಕ್ಕ ಇಷ್ಟ್ಯಾಕ ಹಠ ಹಿಡೀತಿ? ಪ್ರಜ್ಞಾನ ಲಗ್ನ ಮಾಡಬೇಕು ನಾ. ಮೊದಲ ಮನಿ ಹೋಗ್ಲಿ" ಎಂದ. ಅವನ ಮಗಳು ಪ್ರಜ್ಞಾ ಇನ್ನೂ ಬಿ.ಎಸ್‌ಸಿ. ಎರಡನೆಯ ವರ್ಷ. ತನಗೆ ಲಗ್ನ ಗೊತ್ತಾಗಿರುವ ಸುದ್ದಿ ಅವಳಿಗೇ ತಿಳಿದಿರಲಿಲ್ಲ.

ಹತ್ತು ದಿನದ ಮೇಲೆ ಗೊತ್ತಾಯಿತು, ನಮ್ಮ ತಮ್ಮ ನನಗೆ ಹೇಳದೆ ಆ ದ್ರಾಕ್ಷಿಯವರಿಂದ ಒಂದು ಲಕ್ಷ ಸಂಚಕಾರ ಇಸಿದುಕೊಂಡಿದ್ದ. ತಾನೊಬ್ಬನೇ ಚೀಟಿ ಬರೆದು ಸಹಿ ಮಾಡಿಕೊಟ್ಟಿದ್ದ. ಮುಂಗಡ ವಾಪಸು ಕೊಡು ಎಂದರೆ, ಬೈಕಿನ ಶೋರೂಮಿಗೆ ಕೊಟ್ಟಾಗಿದೆ ಎಂದ. ನೀನು ಅವನ ಡಿಪ್ಲೊಮಾಕ್ಕೆ ಫೀ ಕಟ್ಟಿದ್ದು, ಎರಡು ಸಲ ನಪಾಸಾದಾಗ "ಹುಡುಗ ಶ್ಯಾಣ್ಯಾ ಅದಾನ, ಪೇಪರ ಕಠಿಣ ಇತ್ತು" ಅಂದಿದ್ದು ನೆನಪಾಯಿತು. ಶಾಲೆಯ ಬಾಯಂದಿರು ಸೇರಿ ತಿಂಗಳಿಗಿಷ್ಟು ಹಾಕುವ ಭಿಶಿಯಲ್ಲಿ ಆ ಸಲ ನನ್ನ ಪಾಳಿ ಇರಲಿಲ್ಲ. ಕೈಕಾಲು ಬಿದ್ದು ಮೊದಲೇ ಎತ್ತಿಕೊಂಡೆ. ಆ ಲಕ್ಷ ರೂಪಾಯಿ ಚೀಲದಲ್ಲಿಟ್ಟುಕೊಂಡು, ಒಂದು ರವಿವಾರ ದ್ರಾಕ್ಷಿಯವರ ಮನೆಗೇ ಹೋದೆ.

ಅವರು ನನ್ನನ್ನು ಕಟ್ಟೆಯ ಮೇಲೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿದರು. ಹಣ ಎಣಿಸಿ ಕೊಟ್ಟು, ಚೀಟಿ ಹರಿದುಹಾಕಿಸಿ, ಎದ್ದುಬರಬೇಕಿತ್ತು. ಆದರೂ ಕೇಳಿದೆ. "ನಮ್ಮ ಅಕ್ಕನ ಮ್ಯಾಲ ಅಷ್ಟ ಪ್ರೀತಿ ಐತಿ ಅಂದ್ರಿ. ಎರಡ ಲಕ್ಷ ಯಾತಕ್ಕ ಕಡೀದ್ರಿ?"

ಅವನು ನಾಚಿಕೊಳ್ಳಲಿಲ್ಲ. ಲೆಕ್ಕ ಕಲಿಸುವವನ ಹಾಗೆ ಬಿಡಿಸಿ ಹೇಳಿದ. "ತಪ್ಪ ತಿಳೀಬ್ಯಾಡ್ರಿ ಬಾಯಾರ. ನಾವೇನ ಭೇದ ಮಾಡೂ ಮಂದಿ ಅಲ್ಲ. ನಾಳೆ ನಾವು ಮಾರಾಕ ಹೋದ್ರ ಕೇಳ್ತಾರ, ಮೊದಲ ಯಾರ ಮನಿ ಇತ್ತು ಅಂತ. ಆವಾಗ ಲುಕ್ಸಾನ ನಮಗ. ಮತ್ತ ಒಳಗ ಹೋಗೂಕಿಂತ ಮೊದಲ ಶಾಂತಿ ಮಾಡಸಬೇಕು. ಅದಕ್ಕೂ ಖರ್ಚ ಬರತೈತಿ."

ನಾನು ಅವನ ಹೆಂಡತಿಯ ಕಡೆ ನೋಡಿದೆ. ಅಂದು ಅತ್ತವಳು ಇಂದು ಬಾಗಿಲಲ್ಲಿ ನಿಂತು ಕಾಲುಂಗುರ ತಿರುವಿಕೊಳ್ಳುತ್ತಿದ್ದಳು. ನೀನು ಕೈಗೆ ರಕ್ತ ಮಾಡಿಕೊಂಡು ಆಕೆಯ ಕೂಸನ್ನು ಹೊರಗೆಳೆದಾಗ ಯಾರೂ ಶಾಂತಿ ಮಾಡಿಸಲಿಲ್ಲ. ನೀನು ಮಲಗಿ ಎದ್ದ ಕೋಣೆಗೆ ಮಾತ್ರ ಬೇಕು. "ಆ ಮಕ್ಕಳಿಗೂ ಒಮ್ಮೆ ಶಾಂತಿ ಮಾಡಿಸ್ರಿ, ಅವರೂ ನಮ್ಮ ಅಕ್ಕನ ಕೈಯಾಗ ಬಂದಾವ" ಎಂದು ಹೇಳಿ ಎದ್ದೆ. ಅವನಿಗೆ ಅದು ಅರ್ಥವಾಯಿತೋ ಇಲ್ಲವೋ. ಇಂಥವರ ಹೊಗಳಿಕೆಯನ್ನು ನೀನು ಮೂವತ್ತು ವರ್ಷ ಸಂಬಳದ ಮೇಲಿನ ಸಂಬಳವೆಂದು ಎದೆಗೊತ್ತಿಕೊಂಡಿದ್ದೆಯಲ್ಲ, ಅಕ್ಕಾ?

ಅಲ್ಲಿಂದ ನೇರ ಚಿಕ್ಕೋಡಿಯ ಬಸ್ಸು ಹತ್ತಿದೆ. ಕ್ಯಾಲೆಂಡರ್ ಕಿತ್ತು, ಫೋಟೊ ಒರೆಸಿ ಅದರ ಜಾಗದಲ್ಲಿ ಹಾಕಿದೆ. ಬಾಳುವಿಗೆ ಫೋನು ಮಾಡಿ, ಇನ್ನು ಮುಂದೆ ಗಿರಾಕಿಗೆ ಮೊದಲು ನಮ್ಮ ಹೆಸರು ಹೇಳಿ, ಆಮೇಲೆ ಮನೆ ತೋರಿಸು ಎಂದೆ. "ಹಂಗ ಮಾಡಿದ್ರ ಭಾಳ ದಿನ ಹಿಡೀತೈತ್ರಿ" ಎಂದ. ಹಿಡಿಯಿತು. ತಿಂಗಳಿಗೆ ಎಂಟು ಸಾವಿರದ ಹಾಗೆ ನಿನ್ನ ಮನೆಸಾಲದ ಕಂತು ನಾನೇ ಕಟ್ಟಿದೆ, ಇಲ್ಲಿ ಬಾಡಿಗೆಯನ್ನೂ ಕಟ್ಟುತ್ತ. ಯಾರೂ ಬರದ ತಿಂಗಳುಗಳಿದ್ದವು. ಬಂದು, ಗೇಟಿನಲ್ಲೇ ನಿಂತು, ವಾಸ್ತು ಸರಿಯಿಲ್ಲ ಎಂದು ಹೋದವರಿದ್ದರು. ಒಬ್ಬ ನಿವೃತ್ತ ಗುಮಾಸ್ತ ಬಾಗಿಲು ದಾಟುವ ಮೊದಲೇ ವಾಸ್ತು ಕಂಡುಕೊಂಡ. ಅಶೋಕ ಫೋನು ಮಾಡುವುದನ್ನೇ ಬಿಟ್ಟ. ಅದೊಂದು ಉಳಿತಾಯ.

ಗಂಗವ್ವ ಬಂದದ್ದು ಎಂಟನೆಯ ತಿಂಗಳಲ್ಲಿ. ಮುಗಳಖೋಡದಾಕೆ, ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಹಾಕುತ್ತಾಳೆ, ಕೈಕೆಳಗೆ ಆರು ಹೆಂಗಸರು. ನನ್ನ ಬಾಯಲ್ಲಿ ಆಗಲೇ ಬೈಗುಳ ಸಿದ್ಧವಿತ್ತು. ಆಕೆ ಪಡಸಾಲೆಯಲ್ಲಿ ಫೋಟೊದ ಕೆಳಗೇ ನಿಂತು ಕೇಳಿದಳು. "ನೀರ ಎಷ್ಟ ದಿನಕ್ಕೊಮ್ಮೆ ಬರ್ತಾವ್ರಿ?" ನಾನು ಹೇಳಿದೆ. ಹಿತ್ತಲಲ್ಲಿ ಒಲೆ ಹೂಡಲು ಜಾಗ ಅಳೆದಳು. ಮಾಳಿಗೆ ಹತ್ತಿ, ಮೂಲೆಯಲ್ಲಿ ಸೋರಿದ ಕಲೆ ಹಿಡಿದು, ಐವತ್ತು ಸಾವಿರ ಕಡಿಮೆ ಕೇಳಿದಳು. ಒಂದು ತಾಸು ಜಗ್ಗಾಡಿದೆವು. ಅಷ್ಟಾದರೂ ನನ್ನ ಅನುಮಾನ ಹೋಗಲಿಲ್ಲ. "ನಾವು ಕಾಂಬಳೆ" ಎಂದು ಅವಳ ಮುಖಕ್ಕೆ ಹಿಡಿದು ಹೇಳಿದೆ.

"ಗೊತ್ತೈತ್ರಿ, ಮನಿ ಉತಾರದ ಕಾಗದದಾಗ ಬರದೈತಲ್ಲ" ಎಂದಳು. "ಆ ಸ್ಲ್ಯಾಬಿಂದ ಏನ್ ಮಾಡ್ತೀರಿ ಹೇಳ್ರಿ."

ಸೋರುವ ಸ್ಲ್ಯಾಬಿಗೆ ಕಡಿದ ಐವತ್ತು ಸಾವಿರ ನನಗೆ ಒಂದಿಷ್ಟೂ ನೋಯಲಿಲ್ಲ. ಸ್ಲ್ಯಾಬು ನಿಜವಾಗಿ ಸೋರುತ್ತಿತ್ತು.

ನೋಂದಣಿಯಾದ ದಿನ ಕಚೇರಿಯ ಹೊರಗೆ ಬೇವಿನ ಗಿಡದ ಕೆಳಗೆ ಅಶೋಕನೊಂದಿಗೆ ಕೂತು ಹಣ ಹಂಚಿಕೊಂಡೆ. ಬ್ಯಾಂಕಿನ ಉಳಿದ ಸಾಲ, ದಲ್ಲಾಳಿಯ ಎರಡು ಪರ್ಸೆಂಟ್, ವಕೀಲ, ಬಣ್ಣ, ಪಟ್ಟಿ, ನಾನು ಕಟ್ಟಿದ ಕಂತುಗಳು, ಎಲ್ಲ ತೆಗೆದೆ. ಅವನ ಪಾಲಿನಿಂದ ಸಂಚಕಾರದ ಲಕ್ಷವನ್ನೂ ತೆಗೆದೆ. "ರಕ್ತಸಂಬಂಧದಾಗ ಹಿಂಗ ಲೆಕ್ಕಾ ಮಾಡ್ತಿ ಏನ ಅಕ್ಕಾ?" ಎಂದ. ಲಾಭದ ಮೇಲೆ ತೆರಿಗೆ ಬರುತ್ತದೆ, ಎರಡು-ಮೂರು ವರ್ಷದೊಳಗೆ ಮತ್ತೊಂದು ಮನೆಗೆ ಹಾಕಿದರೆ ಉಳಿಯುತ್ತದೆ ಎಂದು ಸಲಹೆಗಾರರು ಹೇಳಿದ್ದನ್ನು ಅವನಿಗೂ ಹೇಳಿದೆ. ಕೇಳಿಸಿಕೊಳ್ಳಲಿಲ್ಲ. ಹೊಸ ಬೈಕು ಹತ್ತಿ ಹೋದ. ನೀನು ಮುದ್ದು ಮಾಡಿ ಬೆಳೆಸಿದ್ದು, ನೋಡು, ಎಷ್ಟು ಚೆನ್ನಾಗಿ ಓಡುತ್ತದೆ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ನನ್ನ ಪಾಲಿನಲ್ಲಿ ಕಾಗವಾಡದಲ್ಲಿ ಎರಡು ಕೋಣೆಯ ಮನೆಯೊಂದನ್ನು ಕೊಂಡಿದ್ದೇನೆ. ಬಾಡಿಗೆಯ ಬದುಕು ಮುಗಿಯಿತು. ನನ್ನ ನಂತರ ಅದು ಪ್ರಜ್ಞಾಳಿಗೆ ಎಂದು ಮೃತ್ಯುಪತ್ರ ಬರೆಸಿದ್ದೇನೆ. ನಾಳೆ ಅವಳೂ ಮಾರಲು ಹೊರಡಬಹುದು, ಬೇಡವೆನ್ನುವುದಿಲ್ಲ. ಅದಕ್ಕೆ ಕಾಗದಪತ್ರಗಳ ಜೊತೆ ಒಂದು ಹಾಳೆಯಲ್ಲಿ, ಮನೆ ಮಾರಲು ಯಾವುದಕ್ಕೆಲ್ಲ ಎಷ್ಟೆಷ್ಟು ಬೀಳುತ್ತದೆಂದು ಬರೆದಿಟ್ಟಿದ್ದೇನೆ. ಹೆಸರು ಕೇಳಿ ಬೆಲೆ ಇಳಿಸುವವರಿಗೆ ಕೊಡಬೇಡ, ಕಾಯು ಎಂದೂ ಬರೆದಿದ್ದೇನೆ. ಬರೆದ ಮೇಲೆ ಹೊಳೆಯಿತು, ಕಾಯುವುದೂ ಒಂದು ಖರ್ಚೇ, ಅದನ್ನು ತೂಗಿಸಲಾಗದೆಯೇ ನಮ್ಮವರು ಮೂವತ್ಮೂರಕ್ಕೆ ಒಪ್ಪಿಬಿಡುತ್ತಾರೆ. ಹಾಗಾಗಿ ನಿನ್ನೆ ಬ್ಯಾಂಕಿಗೆ ಹೋಗಿ, ಅವಳ ಹೆಸರಿನಲ್ಲಿ ಒಂದು ಠೇವಣಿ ಇಟ್ಟು ಬಂದೆ. ಯಾತಕ್ಕೆಂದು ಕ್ಲರ್ಕ್ ಕೇಳಿದ, ಓದಿಗೋ ಲಗ್ನಕ್ಕೋ ಎಂದು. ಎರಡಕ್ಕೂ ಅಲ್ಲ, "ಆಗೂದಿಲ್ಲ ಅಂತ ಹೇಳಾಕ" ಎಂದೆ.

ನಿನ್ನ,
ವಿಮಲಾ