ನನ್ನ ತೆಲುಗು, ನಿಮ್ಮ ಮಲ್ಲಿಗೆ

ವಿಶಾಖಪಟ್ಟಣ
೨೦-೩-೧೯೮೯

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ನೀವು ದಾವಣಗೆರೆಯಿಂದ ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ದುಂಡುಮಲ್ಲಿಗೆ ಮೊಗ್ಗು ಬಿಟ್ಟಿದೆ! ಇಂದು ಬೆಳಿಗ್ಗೆ ನೂರರ ತನಕ ಎಣಿಸಿದೆ, ಆಮೇಲೆ ಸಂತೋಷಕ್ಕೆ ಎಣಿಕೆಯೇ ತಪ್ಪಿಹೋಯಿತು.

ಚಳಿಗಾಲದ ಕಾಗದಗಳಲ್ಲಿ ನಾನು ಬರೀ ಸೇವಂತಿಗೆಯ ಸುದ್ದಿ ಬರೆದೆ. ಅದು ಸುಳ್ಳಲ್ಲ, ಆದರೆ ಸತ್ಯವೂ ಅಲ್ಲವೇನೋ. ಡಿಸೆಂಬರಿನಲ್ಲಿ ಪಕ್ಕದ ಮನೆಯ ಭ್ರಮರಾಂಬ ಮಲ್ಲಿಗೆಯ ಒಂದು ರೆಂಬೆ ಕೇಳಿದ್ದರು. ತೋಟದ ಕೆಲಸದ ಅಪ್ಪಲನಾಯ್ಡುವಿಗೆ ಗಿಡ ತೋರಿಸಿ, ಕೊಟ್ಟುಬಿಡು ಎನ್ನುವ ಅರ್ಥದಲ್ಲಿ "ಕೊಟ್ಟೇಯಿ" ಎಂದೆ. ತೆಲುಗಿನಲ್ಲಿ ಹಾಗೆಂದರೆ ಕಡಿದುಹಾಕು ಎಂದಂತೆ! ನಾನು ಕಾಫಿ ಮಾಡಿ ತರುವಷ್ಟರಲ್ಲಿ ಗಿಡ ಗೇಣೆತ್ತರದ ಮೋಟಾಗಿತ್ತು.

"ಮೀರೇ ಕದಮ್ಮಾ ಕೊಟ್ಟೇಯಮನ್ನಾರು!" ಎಂದು ಅವನು ನನ್ನನ್ನೇ ಕೇಳಿದ. ಹೌದು, ಹೇಳಿದವಳು ನಾನೇ.

ನಿಮಗೆ ಬರೆಯಲು ಧೈರ್ಯವಾಗಲಿಲ್ಲ. ಶಿವರಾತ್ರಿಯ ಹೊತ್ತಿಗೆ ಮೋಟಿನ ತುಂಬ ಚಿಗುರು ಬಂತು. ಚಳಿಯಲ್ಲಿ ಕಡಿದರೇ ಮಲ್ಲಿಗೆ ಮೈತುಂಬ ಹೂಬಿಡುವುದು ಎಂದು ಭ್ರಮರಾಂಬ ನಕ್ಕರು. ಆಗಲೂ ನಾನು ನಂಬಲಿಲ್ಲ. ಮೊಗ್ಗು ಬರದಿದ್ದರೆ ಈ ಕಾಗದ ಬರೆಯುತ್ತಿದ್ದೆನೆ? ಗೊತ್ತಿಲ್ಲ, ಅತ್ತೆ.

ಯುಗಾದಿಗೆ ಖಂಡಿತ ಬನ್ನಿ. ಬರುವಾಗ ಬಾಳೆನಾರು ತನ್ನಿ. ನಾನು ದಾರದಲ್ಲಿ ಕಟ್ಟಿದ್ದು ಮುಡಿಯುವಷ್ಟರಲ್ಲಿ ಉದುರಿಹೋಗುತ್ತದೆ. ಕಾಗದದಲ್ಲಿ ಮಾತ್ರ ಬೈಯಬೇಡಿ. ಇಲ್ಲಿ ನನ್ನ ಪಕ್ಕ ಕೂತು, ಹೂ ಕಟ್ಟುತ್ತಾ ಬೈಯಿರಿ.

ನಿಮ್ಮ ಸೊಸೆ,
ವತ್ಸಲಾ