ಅಯಸ್ಕಾಂತ ಕೆಟ್ಟಿದ್ದು ನನ್ನ ತಮ್ಮನೊಬ್ಬನಿಗೇ?

ಮಾನ್ಯ ಕಾರ್ಮಿಕ ಆರೋಗ್ಯಾಧಿಕಾರಿಗಳೇ,

ಮೊನ್ನೆ ಒಂದು ಕೆಟ್ಟ ಕನಸು. ನನ್ನ ತಮ್ಮ ದೀಪದ ಮುಂದೆ ನಿಂತಿದ್ದಾನೆ, ಗೋಡೆಯ ಮೇಲೆ ಅವನ ನೆರಳೇ ಬೀಳುತ್ತಿಲ್ಲ. "ಅಧಿಕಾರಿಗಳು ರದ್ದು ಮಾಡಿದ್ರಕ್ಕಾ" ಅಂತ ನಗುತ್ತಾನೆ. ನಾನು ಸುಮ್ಮಸುಮ್ಮನೆ ಹೆದರುವವಳು, ಒಪ್ಪುತ್ತೇನೆ. ಹಾಲು ಉಕ್ಕಿದರೂ ಎದೆ ಹೊಡೆದುಕೊಳ್ಳುತ್ತದೆ. ಆದರೆ ನೀವು ರದ್ದು ಮಾಡಿದ್ದು ನಿಜ ತಾನೇ? ಅವನ ರಕ್ತದಲ್ಲಿ ಸೀಸ ಮಿತಿಮೀರಿದೆ ಎಂದು ನಿಮ್ಮದೇ ಪ್ರಯೋಗಾಲಯ ಹೇಳಿತ್ತು. ಈಗ ‘ಯಂತ್ರದ ಅಯಸ್ಕಾಂತ ಕೆಟ್ಟಿದ್ದರಿಂದ ಫಲಿತಾಂಶ ರದ್ದು, ನೌಕರನು ಸೋಮವಾರ ಕೆಲಸಕ್ಕೆ ಹಾಜರಾಗತಕ್ಕದ್ದು’ ಎಂದು ಬರೆದಿದ್ದೀರಿ. ಕೆಲಸ ಅಂದರೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಕುಲುಮೆ. ಕೆಟ್ಟಿದ್ದು ಯಂತ್ರ, ಹಾಜರಾಗಬೇಕಾದವನು ನನ್ನ ತಮ್ಮ! ಇನ್ನೊಂದು ಸಲ ಪರೀಕ್ಷೆ ಮಾಡೋಣ ಎಂದು ಅಲ್ಲಿ ಒಬ್ಬರಿಗೂ ಅನ್ನಿಸಲಿಲ್ಲವೇ? ನಿಮ್ಮ ಕಚೇರಿಯ ಕಿಟಕಿಯಲ್ಲಿ ಕೊಟ್ಟ ಅರ್ಜಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಸಿಕ್ಕಿತು. ಅದಕ್ಕೇ ಈ ಬಹಿರಂಗ ಪತ್ರದಲ್ಲಿ ಎಲ್ಲರ ಮುಂದೆ ಕೇಳುತ್ತಿದ್ದೇನೆ.

ನಿಮ್ಮ ಕಾಗದ ಓದಿ ಮೊದಲು ಮನೆಯಲ್ಲಿ ನಗೆಯೆದ್ದಿತು. ಗುಜರಿ ಕೆಲಸದವರು ಕಬ್ಬಿಣ ಯಾವುದು, ಸೀಸ ಯಾವುದು ಎಂದು ಬೇರೆ ಮಾಡುವುದೇ ಅಯಸ್ಕಾಂತದಿಂದ. "ಅಯಸ್ಕಾಂತ ಸೀಸದ ಕಡೆ ತಿರುಗಿಯೂ ನೋಡಲ್ಲ ಕಣಕ್ಕಾ. ಇವರಿಗೆ ನೆಪ ಹೇಳೋಕೂ ಬರಲ್ಲ" ಎಂದ ತಮ್ಮ. ನಗುತ್ತಲೇ ಕೈಯಲ್ಲಿದ್ದ ಗಾಜಿನ ಲೋಟ ಬಿಟ್ಟ. ಬೇಕೆಂದಲ್ಲ. ಈಚೆಗೆ ಅವನ ಮಣಿಕಟ್ಟು ನಿಲ್ಲುವುದಿಲ್ಲ, ಕೈ ಜೋಲುತ್ತದೆ. ಅವನ ಹೆಂಡತಿ ಚೂರು ಆಯುತ್ತಾ, "ಇದೂ ಯಂತ್ರದ ದೋಷಾನಾ ಅತ್ತಿಗೆ?" ಎಂದಳು.

ನಾನು ಆರನೇ ತರಗತಿಗೇ ಶಾಲೆ ಬಿಟ್ಟವಳು. ನಾವೇ ತಪ್ಪು ತಿಳಿದೆವೋ ಏನೋ ಎಂಬ ದಿಗಿಲಿಗೆ ಪ್ರಯೋಗಾಲಯಕ್ಕೆ ಹೋದೆ. ಯಂತ್ರ ನಡೆಸುವ ಹೆಣ್ಣುಮಗಳು ಕೂರಿಸಿಕೊಂಡು ಬಿಡಿಸಿ ಹೇಳಿದಳು. ರಕ್ತವನ್ನು ಪುಟ್ಟ ಕೊಳವೆಯಲ್ಲಿ ಕಾಯಿಸಿ ಆವಿ ಮಾಡಿ, ಅದರೊಳಗೆ ದೀಪದ ಬೆಳಕು ಹಾಯಿಸುತ್ತಾರಂತೆ. ಸೀಸದ ಆವಿ ಆ ಬೆಳಕನ್ನು ನುಂಗುತ್ತದೆ; ಆದರೆ ಕಾಯಿಸಿದ ರಕ್ತದ ಹೊಗೆಯೂ ಅಡ್ಡ ಬರುತ್ತದೆ. ಆಗ ಅಯಸ್ಕಾಂತ ಚಾಲೂ ಮಾಡಿದರೆ ಸೀಸದ ಆವಿ ನುಂಗುವ ಬೆಳಕಿನ ಬಣ್ಣವೇ ಕೊಂಚ ಆಚೀಚೆ ಸರಿದು, ದೀಪದ ಬೆಳಕನ್ನು ಅದು ನುಂಗದೆ ಬಿಟ್ಟುಕೊಡುತ್ತದೆ. ಹೊಗೆಗೆ ಅಯಸ್ಕಾಂತದ ಪರಿವೆಯೇ ಇಲ್ಲ, ಅಡ್ಡ ನಿಂತೇ ಇರುತ್ತದೆ. ಮೊದಲ ಅಳತೆಯಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದು ಸೀಸದ ಪಾಲು. "ಗಟ್ಟಿ ಸೀಸ ಅಯಸ್ಕಾಂತಕ್ಕೆ ಅಂಟಲ್ಲ, ನಿಜ ಅಮ್ಮಾ. ಆವಿಯಾದ್ಮೇಲೆ ಅದರ ಕಥೆಯೇ ಬೇರೆ" ಎಂದಳು. ಅಯಸ್ಕಾಂತ ಕೆಟ್ಟರೆ ಯಂತ್ರ ಎರಡನೆಯ ಅಳತೆಯನ್ನೇ ಬಿಟ್ಟುಬಿಡುತ್ತದೆ; ಆಗ ಕಳೆಯುವುದಕ್ಕೇನೂ ಇಲ್ಲದೆ ಹೊಗೆಯೂ ಸೀಸದ ಲೆಕ್ಕಕ್ಕೆ ಸೇರಿಬಿಡುತ್ತದಂತೆ.

ಅಂದರೆ ನೀವು ಹೇಳಿದ್ದು ನೆಪವಲ್ಲ. ನಕ್ಕಿದ್ದಕ್ಕೆ ಕ್ಷಮೆಯಿರಲಿ. ಆದರೆ ಬಸ್ಸಿನಲ್ಲಿ ಬರುವಾಗ ತಲೆಗೆ ಇನ್ನೊಂದು ಹುಳ ಹೊಕ್ಕಿತು. ಅದೇ ದಿನ, ಅದೇ ಯಂತ್ರದಲ್ಲಿ, ಅದೇ ಕಾರ್ಖಾನೆಯ ಗುಮಾಸ್ತರ ರಕ್ತವನ್ನೂ ಕಾವಲುಗಾರನ ರಕ್ತವನ್ನೂ ಕಾಯಿಸಿದ್ದೀರಿ. ಅವರದು ಸರಿಯಾಗಿದೆ ಎಂದು ಬಂತು. ಅದನ್ನೇನೂ ನೀವು ರದ್ದು ಮಾಡಿಲ್ಲ. ಅವರ ರಕ್ತದಿಂದ ಹೊಗೆ ಏಳಲಿಲ್ಲವೇ? ಇಲ್ಲಾ, ನನ್ನ ತಮ್ಮನ ಸರದಿ ಬಂದಾಗ ಮಾತ್ರ ಅಯಸ್ಕಾಂತಕ್ಕೆ ತೂಕಡಿಕೆ ಬಂತೇ? ಹಾಗೂ ಆಗಿರಬಹುದು, ಯಂತ್ರವಲ್ಲವೇ. ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಗೊತ್ತಿಲ್ಲದೆ ನನಗೆ ಊಟ ಸೇರುತ್ತಿಲ್ಲ. ಗೊತ್ತಿಲ್ಲದೆಯೇ ಸಹಿ ಹಾಕುವ ಧೈರ್ಯ ನಿಮಗೆ ಎಲ್ಲಿಂದ ಬಂತು?

ತಮ್ಮನೋ ಹೊರಟು ನಿಂತಿದ್ದಾನೆ. "ದೊಡ್ಡೋರೇ ಸರಿ ಅಂದ್ಮೇಲೆ ನಿಂದೇನಕ್ಕಾ ಗೋಳು?" ಎಂದು ರೇಗುತ್ತಾನೆ. ರೇಗುವಾಗ ಅವನ ಅಂಗಿಯ ಗುಂಡಿಯನ್ನು ಹೆಂಡತಿ ಹಾಕುತ್ತಿರುತ್ತಾಳೆ.

ಅವನ ರಕ್ತ ಇನ್ನೂ ಒಂದು ಪರೀಕ್ಷೆಗೆ ಸಾಲುವಷ್ಟು ನಿಮ್ಮ ಫ್ರಿಜ್ಜಿನಲ್ಲಿದೆಯಂತೆ. ಅಯಸ್ಕಾಂತ ರಿಪೇರಿಯಾಗಿದೆಯಂತೆ. ಸೋಮವಾರದೊಳಗೆ ಅದನ್ನು ಪರೀಕ್ಷಿಸಿ; ಫಲಿತಾಂಶ ಬರುವವರೆಗೆ ಹಾಜರಾತಿ ಆದೇಶ ತಡೆಹಿಡಿಯಿರಿ. ಬರೀ ಹೊಗೆ ಎಂದು ಬಂದರೆ ನಾನೇ ಬುತ್ತಿ ಕಟ್ಟಿ ಕಳಿಸುತ್ತೇನೆ, ನಿಮ್ಮ ಮೆಟ್ಟಿಲ ಮೇಲೆ ನಿಂತು ತಪ್ಪಾಯಿತೆನ್ನುತ್ತೇನೆ.

ಇರುವುದು ಒಂದೇ ಸಲಕ್ಕೆ ಸಾಲುವಷ್ಟು ರಕ್ತ. ಕೊಳವೆಗೆ ಹಾಕುವ ಮುಂಚೆ ಅಯಸ್ಕಾಂತ ಚಾಲೂ ಆಗುತ್ತಿದೆಯೇ ಎಂದು ದಯವಿಟ್ಟು ಇನ್ನೊಂದು ಸಲ ನೋಡಿಬಿಡಿ.

ಇಂತಿ,
ತಮ್ಮನ ಕೈಲೂ ಬೈಸಿಕೊಂಡು ಬರೆಯುತ್ತಿರುವ
ಒಬ್ಬ ಅಕ್ಕ